ಸ್ಯಾನಿಟೈಸರ್ ಹಚ್ಚಿದರೂ ಮನೆಮಂದಿಗೆಲ್ಲ ವಾಂತಿ-ಭೇದಿ ಹರಡಿದ್ದೇಕೆ?

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಒಂದು ರಾತ್ರಿ ಇದ್ದಕ್ಕಿದ್ದಂತೆ ವಾಂತಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಭೇದಿಯೂ ಸೇರಿಕೊಂಡಿತು. ಆಗಿನಿಂದಲೇ ಮನೆಯವರೆಲ್ಲ ಶೇ 70ರಷ್ಟು ಆಲ್ಕೋಹಾಲ್ ಇರುವ ಸ್ಯಾನಿಟೈಸರನ್ನು ಗಂಟೆಗೊಮ್ಮೆ ಹಚ್ಚಿಕೊಂಡೆವು. ವಾಂತಿ ಬಿದ್ದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಮೇಲೂ ಸ್ಯಾನಿಟೈಸರ್ ಸಿಂಪಡಿಸಿದೆ. ಆದರೂ ಮರುದಿನ ರಾತ್ರಿ ನನಗೆ, ಅದರ ಮರುದಿನ ನನ್ನ ಗಂಡನಿಗೆ, ಮಗಳಿಗೆ ಅದೇ ಕಾಟ. ಅತ್ತೆಯೊಬ್ಬರಿಗೆ ಮಾತ್ರ ಏನೂ ಆಗಲಿಲ್ಲ. ಕೆಲವು ತಿಂಗಳ ಹಿಂದೆ ಮಗಳಿಗೆ ಫ್ಲೂ ಬಂದಾಗ ಇದೇ ಸ್ಯಾನಿಟೈಸರ್ ಬಳಸಿದ್ದೆವು, ಆಗ ಯಾರಿಗೂ ಹರಡಿರಲಿಲ್ಲ. ಬಾಟಲಿಯ ಮೇಲೆ ಶೇ 99.9 ರೋಗಾಣು ಸಾಯುತ್ತವೆ ಎಂದಿದೆ. ಇದು ನಕಲಿ ಮಾಲೇ? ಶೇ 95ರದ್ದನ್ನು ತರಬೇಕೇ? ಆಂಟಿಬಯೋಟಿಕ್ ಕೊಡಿಸದೆ ತಪ್ಪು ಮಾಡಿದೆನೇ? ಮಗನನ್ನು ಶಾಲೆಗೆ ಯಾವಾಗ ಕಳಿಸಬಹುದು?

ಉತ್ತರ: ನಿಮ್ಮ ಸ್ಯಾನಿಟೈಸರ್ ಅಸಲಿಯೇ ಇರಬಹುದು. ಅದು ಸೋತದ್ದು ಎದುರಾಳಿ ಬೇರೆಯದಾಗಿದ್ದರಿಂದ. ಮಲದ ಪರೀಕ್ಷೆ ಮಾಡಿಸದೆ ಇಂಥದೇ ವೈರಸ್ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಇದ್ದಕ್ಕಿದ್ದಂತೆ ಶುರುವಾದ ವಾಂತಿ, ಒಬ್ಬರಿಂದ ಇನ್ನೊಬ್ಬರಿಗೆ ಒಂದೆರಡು ದಿನದ ಅಂತರ, ಚಿಕ್ಕವರು ದೊಡ್ಡವರೆನ್ನದೆ ಎಲ್ಲರನ್ನೂ ಹಿಡಿದದ್ದು, ಇವೆಲ್ಲ ನೊರೊವೈರಸ್‌ನ ಚಹರೆ. ಅದು ದೇಹ ಹೊಕ್ಕ 12ರಿಂದ 48 ಗಂಟೆಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ 1ರಿಂದ 3 ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ರೋಟಾವೈರಸ್ ಕೂಡ ಹೀಗೇ ಕಾಡುತ್ತದೆ, ಆದರೆ ಅದರ ಕಾಟ ಹೆಚ್ಚಾಗಿ ಎಳೆಯ ಮಕ್ಕಳಿಗೆ. ಎರಡರಲ್ಲಿ ಯಾವುದೇ ಆಗಿದ್ದರೂ ಈ ಉತ್ತರ ಬದಲಾಗುವುದಿಲ್ಲ, ಏಕೆಂದರೆ ಎರಡರ ಮೈಕಟ್ಟೂ ಒಂದೇ ಬಗೆಯದು. ಇಲ್ಲಿರುವ ವಿಷಯವೆಲ್ಲ ಆ ಮೈಕಟ್ಟಿನದೇ.

ಯಾವ ವೈರಸ್ಸನ್ನು ತೆಗೆದುಕೊಂಡರೂ ಒಳಗೆ ಡಿಎನ್‌ಎ ಅಥವಾ ಆರ್‌ಎನ್‌ಎ ಎಳೆ, ಅದರ ಸುತ್ತ ಪ್ರೋಟೀನ್ ಕವಚ, ಇಷ್ಟು ಇದ್ದೇ ಇರುತ್ತದೆ. ಒಂದೇ ಅಚ್ಚಿನ ಪ್ರೋಟೀನ್ ಬಿಲ್ಲೆಗಳನ್ನು ಪದೇಪದೇ ಜೋಡಿಸಿ ಕಟ್ಟಿದ ಕವಚ ಅದು. ನೊರೊವೈರಸ್‌ನದು ಒಂದೇ ಬಗೆಯ ಪ್ರೋಟೀನಿನ 180 ಪ್ರತಿಗಳು ಸೇರಿ ಆದ, 20 ಮುಖಗಳ ಬಿಗಿಯಾದ ಗೋಳ. ರೋಟಾವೈರಸ್‌ಗೆ ಇಂಥ ಮೂರು ಪದರಗಳಿವೆ. ಪೋಲಿಯೊ, ಹೆಪಟೈಟಿಸ್ ಎ, ನೆಗಡಿ ತರುವ ರೈನೋವೈರಸ್, ಕಣ್ಣುಬೇನೆ ತರುವ ಅಡಿನೋವೈರಸ್, ಮಕ್ಕಳ ಕೈ-ಕಾಲು-ಬಾಯಿ ಹುಣ್ಣಿನ ಕಾಕ್ಸಾಕಿ ವೈರಸ್‌ಗಳೆಲ್ಲ ಈ ಗುಂಪಿನವು. ಇವುಗಳ ಮೈಮೇಲೆ ಪ್ರೋಟೀನ್ ಕವಚವೇ ಕೊನೆಯ ಪದರ.

ಇನ್ನೊಂದು ಗುಂಪಿನ ವೈರಸ್‌ಗಳಿಗೆ ಆ ಕವಚದ ಮೇಲೆ ಕೊಬ್ಬಿನ ಹೊರಪೊರೆಯೂ ಇರುತ್ತದೆ. ಅದು ಅವುಗಳ ಸ್ವಂತ ಆಸ್ತಿಯಲ್ಲ. ನಮ್ಮ ಜೀವಕೋಶದೊಳಗೆ ಹುಟ್ಟಿದ ವೈರಸ್ ಹೊರಬೀಳುವಾಗ ಆ ಕೋಶದ್ದೇ ಪೊರೆಯ ತುಣುಕನ್ನು ಸುತ್ತಿಕೊಂಡು ಬರುತ್ತದೆ. ಆ ಪೊರೆಯಲ್ಲಿ ವೈರಸ್‌ನ ಮುಳ್ಳಿನಂಥ ಪ್ರೋಟೀನ್‌ಗಳು ನೆಟ್ಟಿರುತ್ತವೆ. ಮುಂದಿನ ಜೀವಕೋಶಕ್ಕೆ ಅಂಟಿಕೊಂಡು ಒಳನುಗ್ಗುವ ಕೆಲಸ ಅವುಗಳದೇ. ಫ್ಲೂ, ಕೋವಿಡ್, ದಡಾರ, ಎಚ್‌ಐವಿ, ಡೆಂಗಿ, ರೇಬೀಸ್, ನಿಪಾ, ಎಬೋಲಾ ಎಲ್ಲ ಈ ಗುಂಪಿಗೆ ಸೇರುತ್ತವೆ.

ಹೊರಪೊರೆ ಎಂದರೆ ಹೆಚ್ಚುವರಿ ರಕ್ಷಣೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ವಾಸ್ತವ ತಿರುಗುಮುರುಗಾಗಿದೆ. ಆ ಪೊರೆಯೇ ಆ ವೈರಸ್‌ಗಳ ಅತ್ಯಂತ ದುರ್ಬಲ ಭಾಗ. ಜಿಡ್ಡಿನ ಪಾತ್ರೆಗೆ ಸೋಪು ಬಿದ್ದಾಗ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಸೋಪಾಗಲಿ ಆಲ್ಕೋಹಾಲ್ ಆಗಲಿ ತಗುಲಿದ ಕೂಡಲೇ ಕೊಬ್ಬಿನ ಪದರ ಕದಡಿಹೋಗುತ್ತದೆ. ಪೊರೆಯ ಜೊತೆ ಮುಳ್ಳುಗಳೂ ಹೋಗುತ್ತವೆ. ಒಳಗಿನ ಆರ್‌ಎನ್‌ಎ ಇನ್ನೂ ಉಳಿದಿರಬಹುದು, ಪಿಸಿಆರ್ ಪರೀಕ್ಷೆಗೆ ಸಿಕ್ಕಿಬೀಳಲೂಬಹುದು, ಆದರೆ ಸೋಂಕು ತಗುಲಿಸುವ ಶಕ್ತಿ ಅದಕ್ಕಿರುವುದಿಲ್ಲ.

ಪೊರೆ ಇಲ್ಲದ ನೊರೊವೈರಸ್‌ನಲ್ಲಿ ಆಲ್ಕೋಹಾಲ್‌ಗೆ ಕರಗಿಸಲು ಕೊಬ್ಬೇ ಇಲ್ಲ. ಅದು ಪ್ರೋಟೀನ್ ಕವಚವನ್ನೇ ಕೆಡಿಸಬೇಕು. ಕೈಗೆ ಹಚ್ಚಿದ ಸ್ಯಾನಿಟೈಸರ್ ಆರುವ 20-30 ಸೆಕೆಂಡಿನಲ್ಲಿ ಆ ಕೆಲಸ ನಂಬುವ ಮಟ್ಟಿಗೆ ಆಗುವುದಿಲ್ಲ. ನೆಲ ಒರೆಸುವ ಅನೇಕ ದ್ರಾವಣಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್‌ನ ಕಥೆಯೂ ಹೆಚ್ಚುಕಡಿಮೆ ಇದೇ. ಪರಿಮಳ ಬರುತ್ತದೆ, ಬ್ಯಾಕ್ಟೀರಿಯಾ ಸಾಯುತ್ತವೆ, ನೊರೊವೈರಸ್ ಜಗ್ಗುವುದಿಲ್ಲ.

ಹಾಗಾದರೆ ಶೇ 95ರ ಆಲ್ಕೋಹಾಲ್? ಬೇಡ. ಪ್ರೋಟೀನನ್ನು ಕೆಡಿಸಲು ಆಲ್ಕೋಹಾಲ್‌ಗೆ ನೀರಿನ ಜೊತೆ ಬೇಕು. ನೀರು ತೀರಾ ಕಡಿಮೆಯಾದರೆ ಅದರ ಪರಿಣಾಮವೂ ತಗ್ಗುತ್ತದೆ, ಮೇಲಾಗಿ ಬೇಗ ಆವಿಯಾಗಿ ಹೋಗುತ್ತದೆ. ಶೇ 60ರಿಂದ 80ರ ನಡುವಿನದು ಕೈಗೆ ಸರಿಯಾದ ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಸೂತ್ರದಲ್ಲೂ ಎಥನಾಲ್ ಇರುವುದು ಶೇ 80 ಮಾತ್ರ.

ಬಾಟಲಿಯ ಮೇಲಿನ 99.9ರ ಲೆಕ್ಕವನ್ನೂ ನೋಡಿಬಿಡೋಣ. ಸೋಂಕಿತರ ಒಂದು ಗ್ರಾಂ ಮಲದಲ್ಲಿ ನೊರೊವೈರಸ್ ಕಣಗಳು ನೂರಾರು ಕೋಟಿ ಇರಬಲ್ಲವು. ಕಣ್ಣಿಗೆ ಕಾಣದಂತೆ ಬೆರಳಿಗೆ ಮೆತ್ತಿದ್ದು ಗ್ರಾಮಿನ ಸಾವಿರದಲ್ಲೊಂದು ಪಾಲು, ಅದರಲ್ಲಿ ಇದ್ದದ್ದು 10 ಲಕ್ಷ ಕಣ ಎಂದಿಟ್ಟುಕೊಳ್ಳಿ. ಶೇ 99.9 ನಾಶವಾದರೂ ಉಳಿಯುವುದು 1,000. ಕಾಯಿಲೆ ಬರಿಸಲು ಬೇಕಾದದ್ದು ಹತ್ತರಿಂದ ನೂರರ ಆಸುಪಾಸಿನಷ್ಟು ಕಣಗಳು ಮಾತ್ರ. ಅಂದರೆ ಬಾಟಲಿಯ ಮಾತು ಅಕ್ಷರಶಃ ನಿಜವಾದರೂ ನಿಮಗೆ ಸಾಲದು. ನೊರೊವೈರಸ್ ವಿಷಯದಲ್ಲಿ ಅದು ಆ 99.9ನ್ನು ಮುಟ್ಟುವುದೂ ಅನುಮಾನ. ಇಂಥ ಬರಹಗಳು ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳ ಮೇಲೆ, ಇಲ್ಲವೇ ಪೊರೆಯುಳ್ಳ ವೈರಸ್‌ಗಳ ಮೇಲೆ ಮಾಡಿದ ಪರೀಕ್ಷೆಯನ್ನು ಆಧರಿಸಿರುತ್ತವೆ.

ಫ್ಲೂ ಹರಡದೇ ಇದ್ದದ್ದು ಸ್ಯಾನಿಟೈಸರ್‌ನಿಂದಲೇ ಎಂಬ ನಿಮ್ಮ ತೀರ್ಮಾನವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಆಲ್ಕೋಹಾಲ್ ಫ್ಲೂ ವೈರಸ್ಸನ್ನು ಚೆನ್ನಾಗಿ ಕೊಲ್ಲುತ್ತದೆ ನಿಜ. ಆದರೆ ಫ್ಲೂ ಹೆಚ್ಚಾಗಿ ಹರಡುವುದು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಬರುವ ಹನಿಗಳಿಂದ ಮತ್ತು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ. ಮಗಳು ಬೇರೆ ಕೋಣೆಯಲ್ಲಿ ಮಲಗಿದ್ದರೆ, ಕಿಟಕಿ ತೆರೆದಿಟ್ಟಿದ್ದರೆ, ದೊಡ್ಡವರಿಗೆ ಹಿಂದಿನ ಸೋಂಕಿನಿಂದಲೋ ಲಸಿಕೆಯಿಂದಲೋ ಒಂದಿಷ್ಟು ರಕ್ಷಣೆ ಇದ್ದಿದ್ದರೆ, ಇವುಗಳ ಪಾಲೇ ದೊಡ್ಡದಿರಬೇಕು. ದಡಾರವಂತೂ ರೋಗಿ ಕೋಣೆ ಬಿಟ್ಟುಹೋದ ಮೇಲೂ 2 ಗಂಟೆಯವರೆಗೆ ಗಾಳಿಯಲ್ಲೇ ಇರಬಲ್ಲದು. ಅಲ್ಲಿ ಕೈಗೆ ಏನು ಹಚ್ಚಿಕೊಂಡರೂ ಲಸಿಕೆಯ ಜಾಗ ತುಂಬದು.

ಮೈಕಟ್ಟು ಗೊತ್ತಾದರೆ ವೈರಸ್ ಹಿಡಿಯುವ ದಾರಿಯನ್ನೂ ಬಹುಮಟ್ಟಿಗೆ ಊಹಿಸಬಹುದು. ಹೊಟ್ಟೆಯ ಆಮ್ಲ, ಸಣ್ಣ ಕರುಳಿನ ಪಿತ್ತರಸ ಎರಡನ್ನೂ ದಾಟಿ ಬದುಕಬೇಕಾದ ವೈರಸ್‌ಗೆ ಕೊಬ್ಬಿನ ಪೊರೆ ಹೊರೆಯೇ ಸರಿ. ಪಿತ್ತರಸದ ಕೆಲಸವೇ ಕೊಬ್ಬನ್ನು ಒಡೆಯುವುದು. ಹಾಗಾಗಿ ಮಲದಿಂದ ಬಾಯಿಗೆ ಎಂಬ ದಾರಿ ಹಿಡಿದ ನಮ್ಮ ವೈರಸ್‌ಗಳಲ್ಲಿ ಬಹುತೇಕ ಎಲ್ಲವೂ ಪೊರೆ ಇಲ್ಲದವು. ಒಣಗಿದ ಮೇಲೂ ಚಿಲಕ, ನಲ್ಲಿ, ಆಟಿಕೆಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಅವು ಕಾಯಬಲ್ಲವು. ಪೊರೆಯುಳ್ಳವು ಒಣಗಿದರೆ ಸೊರಗುತ್ತವೆ. ಫ್ಲೂ ವೈರಸ್ ಗಟ್ಟಿ ಮೇಲ್ಮೈಯಲ್ಲಿ ಉಳಿಯುವುದು ಸುಮಾರು 24ರಿಂದ 48 ಗಂಟೆ. ಅದಕ್ಕೇ ಅವು ಉಸಿರು, ರಕ್ತ, ಲೈಂಗಿಕ ಸಂಪರ್ಕ, ಸೊಳ್ಳೆ ಕಡಿತದಂಥ ಹಸಿ ದಾರಿಗಳನ್ನು ನೆಚ್ಚಿಕೊಂಡಿವೆ. ಇದಕ್ಕೆ ಅಪವಾದಗಳಿವೆ. ಹೆಪಟೈಟಿಸ್ ಬಿ ಪೊರೆಯುಳ್ಳದ್ದಾದರೂ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಸೋಂಕು ತಗುಲಿಸುವ ಸ್ಥಿತಿಯಲ್ಲೇ ಇರುತ್ತದೆ. ಒಬ್ಬರ ರೇಜರನ್ನು ಇನ್ನೊಬ್ಬರು ಬಳಸಬಾರದೆನ್ನುವುದು ಇದಕ್ಕೇ. ಇತ್ತ ಪೊರೆ ಇಲ್ಲದ ರೈನೋವೈರಸ್ ಆಮ್ಲ ತಾಳಲಾರದೆ ಮೂಗು-ಗಂಟಲಲ್ಲೇ ಉಳಿದುಬಿಟ್ಟಿದೆ.

ಈಗ ನಿಮ್ಮ ಮನೆಯಲ್ಲಿ ಅದು ಹರಡಿದ ಬಗೆ. ವಾಂತಿ ರಭಸದಿಂದ ಬಂದಾಗ ಸಿಡಿಯುವ ಹನಿಗಳು ಮೂರು ಮೀಟರ್‌ವರೆಗೂ ಹೋಗಬಲ್ಲವು. ಇನ್ನೂ ಸಣ್ಣವು ಗಾಳಿಯಲ್ಲಿ ತೇಲಿ ಹತ್ತಿರವಿದ್ದವರ ಬಾಯಿ-ಮೂಗು ಸೇರುತ್ತವೆ. ನೀವು ಕಣ್ಣಿಗೆ ಕಂಡಷ್ಟು ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಿರಿ. ಅದರಿಂದ ವೈರಸ್ ಹೋಗಲಿಲ್ಲ, ತೆಳ್ಳಗೆ ಹರಡಿಕೊಂಡಿತು, ಬಟ್ಟೆಗೂ ಅಲ್ಲಿಂದ ನಿಮ್ಮ ಕೈಗೂ ಬಂತು. ಆಮೇಲೆ ಹಚ್ಚಿದ ಸ್ಯಾನಿಟೈಸರ್ ಆ ಕೈ ಶುದ್ಧವಾಯಿತೆಂಬ ಭರವಸೆಯನ್ನಷ್ಟೇ ಕೊಟ್ಟಿತು. ನನ್ನ ಅನುಭವದಲ್ಲಿ ಇಂಥ ಸರಪಳಿಗಳು ಹೆಚ್ಚಾಗಿ ಬೆಳೆಯುವುದು ವಾಂತಿ ಬಳಿದವರ ಕೈ ಅಡುಗೆಮನೆ ಸೇರಿದಾಗ.

ಇನ್ನು ಮುಂದೆ ಹೀಗಾದರೆ ಏನು ಮಾಡಬೇಕು?

ಮೊದಲು ಕೈ. ಸೋಪು ಕೂಡ ನೊರೊವೈರಸ್ಸನ್ನು ಕೊಲ್ಲುವುದಿಲ್ಲ, ಆದರೆ ಚರ್ಮದಿಂದ ಬಿಡಿಸುತ್ತದೆ. ಹರಿಯುವ ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಇಲ್ಲಿ ಕೆಲಸ ಮಾಡುವುದು ಉಜ್ಜುವಿಕೆ ಮತ್ತು ನೀರು, ಸೋಪಿನ ಬ್ರ್ಯಾಂಡ್ ಅಲ್ಲ. ಕನಿಷ್ಠ 20 ಸೆಕೆಂಡು ಉಜ್ಜಬೇಕು. ಹೆಬ್ಬೆರಳು, ಬೆರಳ ತುದಿ, ಉಗುರಿನ ಸಂದುಗಳೇ ಸಾಮಾನ್ಯವಾಗಿ ತಪ್ಪಿಹೋಗುವುದು. ಬೋಗುಣಿಯಲ್ಲಿ ನಿಂತ ನೀರಿಗೆ ಕೈ ಅದ್ದಿದರೆ ಪ್ರಯೋಜನವಿಲ್ಲ, ನೀರು ಹರಿಯಲೇಬೇಕು. ಒರೆಸಿಕೊಳ್ಳುವ ಟವೆಲ್ ಒಬ್ಬೊಬ್ಬರಿಗೆ ಒಂದೊಂದಿರಲಿ. ನೀರು ಸಿಗದ ಕಡೆ ಸ್ಯಾನಿಟೈಸರ್ ಏನೂ ಇಲ್ಲದ್ದಕ್ಕಿಂತ ವಾಸಿ, ಸಿಕ್ಕ ಕೂಡಲೇ ಕೈ ತೊಳೆಯಿರಿ.

ನೆಲ ಮತ್ತು ವಸ್ತುಗಳಿಗೆ ಬೇಕಾದದ್ದು ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಕ್ಲೋರಿನ್ ಪ್ರೋಟೀನ್ ಕವಚವನ್ನೇ ಉತ್ಕರ್ಷಿಸಿ ಹಾಳುಮಾಡುತ್ತದೆ, ಪೊರೆ ಇದೆಯೋ ಇಲ್ಲವೋ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಶೀಸೆಯ ಮೇಲೆ ಶೇಕಡಾ ಎಷ್ಟು ಎಂದು ನೋಡಿ. ಶೇ 5ರದ್ದಾದರೆ 20 ಮಿ.ಲೀ. ಬ್ಲೀಚ್‌ಗೆ 980 ಮಿ.ಲೀ. ನೀರು ಸೇರಿಸಿದರೆ 1,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ದ್ರಾವಣ ಸಿಗುತ್ತದೆ. ಚಿಲಕ, ನಲ್ಲಿ, ಸ್ವಿಚ್ಚಿನ ಹೊರಮೈ, ಶೌಚಾಲಯದ ಸೀಟಿಗೆ ಇಷ್ಟು ಸಾಕು. ಸ್ವಿಚ್ಚಿಗೆ ಬಟ್ಟೆಯನ್ನು ಹಿಂಡಿ ಒರೆಸಿ, ನೇರವಾಗಿ ಸುರಿಯಬೇಡಿ. ವಾಂತಿ ಅಥವಾ ಮಲ ಬಿದ್ದ ಜಾಗಕ್ಕೆ 100 ಮಿ.ಲೀ. ಬ್ಲೀಚ್‌ಗೆ 900 ಮಿ.ಲೀ. ನೀರು, ಅಂದರೆ 5,000 ಪಿಪಿಎಂ. ಶೀಸೆಯ ಮೇಲೆ ಶೇ 4 ಎಂದಿದ್ದರೆ ಲೀಟರಿಗೆ ಕ್ರಮವಾಗಿ 25 ಮತ್ತು 125 ಮಿ.ಲೀ. ಬೇಕಾಗುತ್ತದೆ. ತಣ್ಣೀರಿನಲ್ಲಿ ಕಲಸಿ, ಆಯಾ ದಿನದ್ದನ್ನು ಆಯಾ ದಿನವೇ ಬಳಸಿ. ಬಿಸಿಲು, ಶಾಖಕ್ಕೆ ಕ್ಲೋರಿನ್ ಕುಗ್ಗುತ್ತದೆ, ಬಹಳ ದಿನ ತೆರೆದಿಟ್ಟ ಶೀಸೆಯ ಮೇಲಿನ ಅಂಕಿಯನ್ನೂ ನಂಬುವಂತಿಲ್ಲ.

ಬ್ಲೀಚ್ ಹಾಕಿದರೂ ಆಗಲಿಲ್ಲ ಎನ್ನುವವರು ಸಾಮಾನ್ಯವಾಗಿ ಅದನ್ನು ವಾಂತಿಯ ಮೇಲೇ ಸುರಿದಿರುತ್ತಾರೆ. ಕ್ಲೋರಿನ್ ಮೊದಲು ಕೊಳೆಯೊಂದಿಗೇ ವರ್ತಿಸಿ ಮುಗಿದುಹೋಗುತ್ತದೆ, ವೈರಸ್‌ಗೆ ತಲುಪುವ ಹೊತ್ತಿಗೆ ಅದರಲ್ಲಿ ಸತ್ವವಿರುವುದಿಲ್ಲ. ಆದ್ದರಿಂದ ಮೊದಲು ಬಳಿಯಬೇಕು, ಆಮೇಲೆ ಬ್ಲೀಚ್. ಮಕ್ಕಳನ್ನು ಆಚೆ ಕಳಿಸಿ, ಕಿಟಕಿ ತೆರೆದು, ರಬ್ಬರ್ ಗ್ಲೌಸ್ ಮತ್ತು ಮಾಸ್ಕ್ ಹಾಕಿಕೊಳ್ಳಿ. ಹೀರಿಕೊಳ್ಳುವ ಕಾಗದ ಹೊದಿಸಿ, ಅಂಚಿನಿಂದ ನಡುವಿಗೆ ಬಳಿದು ಚೀಲಕ್ಕೆ ಹಾಕಿ ಕಟ್ಟಿಬಿಡಿ. ಪೊರಕೆಯಾಗಲಿ ವ್ಯಾಕ್ಯೂಮ್ ಕ್ಲೀನರ್ ಆಗಲಿ ಬೇಡ, ಎರಡೂ ಕಣಗಳನ್ನು ಮೇಲೆಬ್ಬಿಸುತ್ತವೆ. ಸೋಪಿನ ನೀರಿನಿಂದ ತೊಳೆದ ಮೇಲೆ ಬ್ಲೀಚ್ ದ್ರಾವಣ ಹಾಕಿ, ಕನಿಷ್ಠ 5 ನಿಮಿಷ, ಸಾಧ್ಯವಾದರೆ 10 ನಿಮಿಷ ಒದ್ದೆಯಾಗಿಯೇ ಬಿಟ್ಟು ಬರೀ ನೀರಿನಿಂದ ಒರೆಸಿ. ಕಂಡ ಕಲೆಯಷ್ಟೇ ಅಲ್ಲ, ಸುತ್ತಲೂ ಎರಡು-ಮೂರು ಮೀಟರ್ ಜಾಗಕ್ಕೂ ಇದೇ ಉಪಚಾರ. ಕೊನೆಗೆ ಗ್ಲೌಸ್ ತೆಗೆದು ಸೋಪಿನಿಂದ ಕೈ ತೊಳೆಯಿರಿ. ಗ್ಲೌಸ್ ಹಾಕಿದ್ದೆನಲ್ಲ ಎಂದು ಇದೊಂದನ್ನು ಬಿಡುವವರೇ ಹೆಚ್ಚು.

ಬ್ಲೀಚ್‌ನ ಅಪಾಯವನ್ನೂ ಹೇಳಲೇಬೇಕು. ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಅದು ಬೆರೆತರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಅಮೋನಿಯಾ ಇರುವ ದ್ರಾವಣದೊಂದಿಗೆ ಬೆರೆತರೆ ಕ್ಲೋರಮೀನ್. ಎರಡೂ ಶ್ವಾಸಕೋಶವನ್ನು ಸುಡುತ್ತವೆ, ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಪ್ರಾಣಕ್ಕೇ ಎರವಾಗಬಹುದು. ಹೆಚ್ಚು ಶುದ್ಧವಾಗಲೆಂದು ಎರಡನ್ನೂ ಒಟ್ಟಿಗೆ ಸುರಿಯುವುದು ಮನೆಗಳಲ್ಲಿ ನಡೆಯುತ್ತಲೇ ಇರುವ ಅಚಾತುರ್ಯ. ಬ್ಲೀಚನ್ನು ಗಾಳಿಗೆ ಸಿಂಪಡಿಸಬೇಡಿ, ಮೈಗೆ ಹಚ್ಚಬೇಡಿ. ಲೋಹ ತುಕ್ಕು ಹಿಡಿಯುತ್ತದೆ, ಬಣ್ಣದ ಬಟ್ಟೆ ಮಾಸುತ್ತದೆ. ಅಂಥಲ್ಲಿ ಶಾಖವೇ ಗತಿ. ಬಟ್ಟೆ, ಹೊದಿಕೆಗಳನ್ನು ಕೊಡವದೆ ಮಡಚಿ ಒಯ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ. ಹಾಸಿಗೆ, ಕಾರ್ಪೆಟ್‌ಗೆ 70 ಡಿಗ್ರಿಯ ಹಬೆಯನ್ನು 5 ನಿಮಿಷ ಕೊಡಬಹುದು. ಫ್ಲಶ್ ಮಾಡುವ ಮೊದಲು ಕಮೋಡಿನ ಮುಚ್ಚಳ ಹಾಕಿ.

ಇಷ್ಟೆಲ್ಲ ಮಾಡಿದರೂ ಒಬ್ಬಿಬ್ಬರಿಗೆ ತಗುಲಬಹುದು. ಮೊದಲ ವಾಂತಿಯ ಹೊತ್ತಿಗೆ ಪಕ್ಕದಲ್ಲಿದ್ದವರಿಗೆ ಆಗಲೇ ಸೋಂಕು ದಾಟಿರಬಹುದು. ಅದನ್ನು ಸ್ವಚ್ಛತೆಯ ಲೋಪ ಎಂದುಕೊಳ್ಳಬೇಕಿಲ್ಲ.

ನಿಮ್ಮ ಅತ್ತೆಯವರ ವಿಷಯ ಸ್ವಾರಸ್ಯಕರವಾಗಿದೆ. ನೊರೊವೈರಸ್ ಕರುಳಿನ ಕೋಶಗಳ ಮೇಲಿರುವ, ರಕ್ತದ ಗುಂಪಿಗೆ ಸಂಬಂಧಿಸಿದ ಸಕ್ಕರೆಯ ಸರಪಳಿಗಳಿಗೆ ಅಂಟಿಕೊಳ್ಳುತ್ತದೆ. ಎಫ್‌ಯುಟಿ2 ಎಂಬ ಜೀನ್ ಕೆಲಸ ಮಾಡದವರ ಕರುಳಿನಲ್ಲಿ ಆ ಸರಪಳಿ ಸರಿಯಾಗಿ ತಯಾರಾಗುವುದಿಲ್ಲ. ಯುರೋಪಿಯನ್ ಮೂಲದವರಲ್ಲಿ ಸುಮಾರು 5ರಲ್ಲಿ ಒಬ್ಬರು ಹೀಗಿದ್ದಾರೆ. ನೊರೊವೈರಸ್‌ನ ಹಲವು ತಳಿಗಳು ಅಂಥವರನ್ನು ಹಿಡಿಯಲಾರವು, ಆದರೆ ಎಲ್ಲ ತಳಿಗಳಿಗೂ ಈ ಮಾತು ಅನ್ವಯಿಸದು. ಅತ್ತೆಯವರಿಗೆ ಇದೇ ತಳಿ ಹಿಂದೆ ಬಂದು ಹೋಗಿರಬಹುದು, ಅಥವಾ ಈಗಲೂ ಲಕ್ಷಣವಿಲ್ಲದೆ ಸೋಂಕಾಗಿರಬಹುದು. ಈ ಮೂರನೆಯ ಸಾಧ್ಯತೆ ಇರುವುದರಿಂದ ಅವರೂ ಉಳಿದವರಷ್ಟೇ ಕಟ್ಟುನಿಟ್ಟಾಗಿ ಕೈ ತೊಳೆಯಬೇಕು. ಉಳಿದವರಿಗೆ ಇನ್ನು ಬರುವುದಿಲ್ಲ ಎಂದೂ ಅಲ್ಲ. ತಳಿಗಳು ಹಲವು, ಒಮ್ಮೆ ಬಂದ ರೋಗನಿರೋಧಕತೆ ಕಾಲ ಕಳೆದಂತೆ ಕುಂದುತ್ತದೆ. ರೋಟಾವೈರಸ್‌ಗೆ ಶಿಶುಗಳಿಗೆ ಬಾಯಿಗೆ ಹಾಕುವ ಲಸಿಕೆ ಇದೆ, ನೊರೊವೈರಸ್‌ಗೆ ಅಂಥದ್ದು ಬಳಕೆಗೆ ಬಂದಿಲ್ಲ.

ಶಾಲೆಗೆ ಕಳಿಸುವುದು ಕೊನೆಯ ವಾಂತಿ ಅಥವಾ ಕೊನೆಯ ಭೇದಿ ಆಗಿ 48 ಗಂಟೆ ಕಳೆದ ಮೇಲೆ. ಮಗು ಲವಲವಿಕೆಯಿಂದ ಆಡುತ್ತಿದೆ ಎಂಬುದು ಅಳತೆಗೋಲಲ್ಲ, ಗಡಿಯಾರ ನೋಡಿ. ಕಾಯಿಲೆ ಬಿದ್ದ ದೊಡ್ಡವರೂ ಅಷ್ಟು ಹೊತ್ತು ಬೇರೆಯವರಿಗೆ ಅಡುಗೆ ಮಾಡಬಾರದು. ಮಲದಲ್ಲಿ ವೈರಸ್ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಹೋಗುತ್ತಿರಬಹುದು. ಅಷ್ಟು ದಿನ ಎಲ್ಲರನ್ನೂ ಮನೆಯಲ್ಲಿ ಕೂರಿಸಲಾಗದು. ಶೌಚದ ನಂತರ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಸಿದರೆ ಸಾಕು.

ಆಂಟಿಬಯೋಟಿಕ್ ಕೊಡಿಸದೆ ನೀವು ಮಾಡಿದ್ದು ಸರಿ. ಆ ಔಷಧಗಳು ಬ್ಯಾಕ್ಟೀರಿಯಾದ ಕೋಶಗೋಡೆಯನ್ನೋ ಅದು ಪ್ರೋಟೀನ್ ತಯಾರಿಸುವ ರೈಬೋಸೋಮನ್ನೋ ಗುರಿಯಾಗಿಸುತ್ತವೆ. ವೈರಸ್‌ಗೆ ಅವೆರಡೂ ಇಲ್ಲ, ಅದು ನಮ್ಮ ಕೋಶದ ಯಂತ್ರವನ್ನೇ ಬಳಸಿಕೊಳ್ಳುತ್ತದೆ. ಕೊಟ್ಟಿದ್ದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು ಭೇದಿ ಇನ್ನಷ್ಟು ಹೆಚ್ಚುವ ಸಂಭವವಿತ್ತು. ಭೇದಿ ನಿಲ್ಲಿಸುವ ಮಾತ್ರೆಯನ್ನೂ ಚಿಕ್ಕ ಮಕ್ಕಳಿಗೆ ಕೊಡಬೇಡಿ.

ಇಲ್ಲಿ ಜೀವ ಉಳಿಸುವುದು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಇಡೀ ಪೊಟ್ಟಣ ಕರಗಿಸಿ. ನಿಮ್ಮ ಮಗನ ವಯಸ್ಸಿಗೆ ಪ್ರತಿ ಭೇದಿಯ ನಂತರ 100ರಿಂದ 200 ಮಿ.ಲೀ., ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ. ಕುಡಿದದ್ದು ವಾಂತಿಯಾದರೆ 10 ನಿಮಿಷ ಬಿಟ್ಟು, ಎರಡು-ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ಲೋಟ ತುಂಬ ಒಮ್ಮೆಲೇ ಕೊಟ್ಟರೆ ಹೊಟ್ಟೆ ಹಿಗ್ಗಿ ಎಲ್ಲ ಹೊರಬರುತ್ತದೆ. ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ಚಮಚದಲ್ಲಿ ಕೊಟ್ಟದ್ದೂ ನಿಲ್ಲದಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ವಯಸ್ಸಾದವರಿಗೆ ಕಾಯಿಲೆ ಬಂದರೆ ಇಷ್ಟಕ್ಕೂ ಕಾಯಬೇಡಿ. ರಕ್ತದೊತ್ತಡದ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ನಿರ್ಜಲೀಕರಣ ಮೂತ್ರಪಿಂಡಕ್ಕೆ ಬೇಗ ಪೆಟ್ಟು ಕೊಡುತ್ತದೆ. ಅಂಥವರು ವಾಂತಿ ಶುರುವಾದ ದಿನವೇ ವೈದ್ಯರಿಗೆ ತಿಳಿಸಿ, ಆ ಮಾತ್ರೆಗಳನ್ನು ಮುಂದುವರಿಸಬೇಕೇ ಎಂದು ಕೇಳಲಿ.